ಮಲದಲ್ಲಿ ರಕ್ತ: ದೊಡ್ಡ ಕರುಳಿನ ಪರೀಕ್ಷೆ ಯಾವಾಗ ಅಗತ್ಯ?

ಕರುಳಿನ ರೋಗಗಳ ಅಧ್ಯಯನದಲ್ಲಿ ಕೋಲ್ಕತ್ತ ನಗರಕ್ಕೆ ವಿಶಿಷ್ಟ ಸ್ಥಾನವಿದೆ. ಕಾಲರಾ ಮತ್ತು ಆಮಶಂಕೆಗಳು ಈ ನಗರವನ್ನು ದೀರ್ಘಕಾಲ ಕಾಡಿದವು. ಅವುಗಳನ್ನು ಕುರಿತ ಮಹತ್ವದ ಶೋಧಗಳೂ ಅಲ್ಲಿಯೇ ನಡೆದವು. 1912ರಲ್ಲಿ ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯರು ಅಮೀಬಾ ಜೀವಿಯಿಂದ ಬರುವ ಆಮಶಂಕೆಗೆ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು. ಕಾಲರಾ ರೋಗಾಣು ಸ್ರವಿಸುವ ವಿಷವೇ ಕರುಳಿನಿಂದ ನೀರು ಹರಿದುಹೋಗಲು ಕಾರಣವೆಂಬುದನ್ನು 1959ರಲ್ಲಿ ಶಂಭುನಾಥ ಡೇ ಅವರು ತೋರಿಸಿಕೊಟ್ಟರು. 1971ರಲ್ಲಿ ದಿಲೀಪ್ ಮಹಾಲನಬೀಸ್ ಅವರು ಗಡಿಭಾಗದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಗ್ಲೂಕೋಸ್ ಮತ್ತು ಲವಣಗಳ ದ್ರಾವಣವನ್ನು ಕುಡಿಸಿ ಸಹಸ್ರಾರು ಜನರ ಪ್ರಾಣ ಉಳಿಸಿದರು.

ಈ ಅನುಭವದಿಂದ ಜನರು ಎರಡು ಪಾಠಗಳನ್ನು ಕಲಿತಿದ್ದಾರೆ. ನೀರಿನಂತಹ ಭೇದಿಗೆ ಜೀವಜಲವೇ ಮೊದಲ ಮದ್ದು. ಆಮ ಮತ್ತು ರಕ್ತ ಬೀಳುವ ಭೇದಿಗೆ ಮಲಪರೀಕ್ಷೆ ಹಾಗೂ ತಕ್ಕ ಔಷಧ ಬೇಕು. ಆದರೆ ಮೂರನೆಯ ಪಾಠವೊಂದು ಇನ್ನೂ ಸಾಕಷ್ಟು ಪ್ರಚಾರಗೊಂಡಿಲ್ಲ. ಮಲದಲ್ಲಿ ಕಾಣುವ ರಕ್ತವೆಲ್ಲವೂ ಆಮಶಂಕೆಯದಲ್ಲ, ಮೂಲವ್ಯಾಧಿಯದೂ ಅಲ್ಲ.

ರಕ್ತಕ್ಕೆ ಕಾರಣಗಳು ಹಲವು

ದೊಡ್ಡ ಕರುಳು ಸುಮಾರು 5 ಅಡಿ ಉದ್ದದ ಅಂಗ. ಗುದದ್ವಾರದ ಬಳಿಯ ಮೂಲವ್ಯಾಧಿಯಿಂದಲೂ ರಕ್ತ ಬರಬಹುದು. ಕರುಳಿನ ಹುಣ್ಣು, ಕರುಳಿನ ಕ್ಷಯ, ಪಾಲಿಪ್ ಎಂಬ ಗಂಟು ಅಥವಾ ಕ್ಯಾನ್ಸರಿನಿಂದಲೂ ಬರಬಹುದು. ಮೂಲವ್ಯಾಧಿಯಿರುವ ವ್ಯಕ್ತಿಗೆ ಕರುಳಿನಲ್ಲಿ ಮತ್ತೊಂದು ರೋಗವೂ ಇರಬಹುದು. ಆದುದರಿಂದ ಊಹೆಯ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಅಪಾಯಕರ.

ಇದಕ್ಕೆ ಬಲವಾದ ಕಾರಣವಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಪಾಲಿಪ್‌ಗಳಿಂದಲೇ ಆರಂಭವಾಗುತ್ತದೆ. ಸಣ್ಣ ಗಂಟು ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಆ ಅವಧಿಯಲ್ಲಿ ಅದನ್ನು ಗುರುತಿಸಿ ತೆಗೆದರೆ ರೋಗವನ್ನೇ ತಡೆಯಬಹುದು. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ಇಲ್ಲಿನ ರೋಗಿಗಳಲ್ಲಿ 50 ವರ್ಷದೊಳಗಿನವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ವಯಸ್ಸು ಚಿಕ್ಕದೆಂದು ರಕ್ತಸ್ರಾವವನ್ನು ಕಡೆಗಣಿಸಬಾರದು.

ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು

1. ಮಲದಲ್ಲಿ ಮತ್ತೆ ಮತ್ತೆ ರಕ್ತ ಅಥವಾ ಆಮ ಕಾಣಿಸಿಕೊಳ್ಳುವುದು.

2. ಭೇದಿ, ಮಲಬದ್ಧತೆ ಅಥವಾ ಇವೆರಡೂ ಸರದಿಯಂತೆ ಕಾಣಿಸಿಕೊಂಡು, ಮಲವಿಸರ್ಜನೆಯ ರೂಢಿ ನಾಲ್ಕಾರು ವಾರಗಳ ಕಾಲ ಬದಲಾಗಿರುವುದು.

3. ನಿದ್ರೆಯಿಂದ ಎಬ್ಬಿಸುವ ಭೇದಿ. ಮಲವಿಸರ್ಜನೆಯಾದರೂ ಹೊಟ್ಟೆ ತೆರವಾಗದಂತಹ ಭಾವನೆ.

4. ಕಾರಣವಿಲ್ಲದೆ ತೂಕ ಇಳಿಯುವುದು. ಬಿಡದ ಹೊಟ್ಟೆನೋವು ಅಥವಾ ಜ್ವರ.

5. ಕಬ್ಬಿಣದ ಅಂಶ ಕುಂದಿದ ರಕ್ತಹೀನತೆ. ಪುರುಷರಲ್ಲಿ ಮತ್ತು ಮುಟ್ಟು ನಿಂತ ಮಹಿಳೆಯರಲ್ಲಿ ಇದರ ಮೂಲವನ್ನು ಹುಡುಕಲೇಬೇಕು.

6. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದರೆ, ಲಕ್ಷಣಗಳಿಲ್ಲದಿದ್ದರೂ ವೈದ್ಯರ ಸಲಹೆ ಅಗತ್ಯ.

ಮಲ ಡಾಂಬರಿನಂತೆ ಕಪ್ಪಾಗಿದ್ದರೆ ರಕ್ತಸ್ರಾವ ಸಾಮಾನ್ಯವಾಗಿ ಜಠರದ ಭಾಗದ್ದಾಗಿರುತ್ತದೆ. ಆಗ ಮೊದಲು ಬಾಯಿಯ ಮೂಲಕ ಜಠರವನ್ನು ಪರೀಕ್ಷಿಸುತ್ತಾರೆ. ಎರಡು ಮೂರು ದಿನಗಳ ಸಾಧಾರಣ ಭೇದಿಗೆ ಕೊಲೊನೋಸ್ಕೊಪಿಯ ಅಗತ್ಯವಿರುವುದಿಲ್ಲ.

ಪರೀಕ್ಷೆಯ ವಿಧಾನ

ಕೊಲೊನೋಸ್ಕೊಪಿ ಎಂದರೆ ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದ ಮೂಲಕ ಸೇರಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕ್ರಮ. ಪಾಲಿಪ್ ಕಂಡರೆ ಬಹುವೇಳೆ ಅದೇ ಸಮಯದಲ್ಲಿ ತೆಗೆಯಬಹುದು. ಅನುಮಾನವಿರುವ ಭಾಗದಿಂದ ಚೂರನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕ್ಷಯ, ಅಮೀಬಾ ಹುಣ್ಣು ಮತ್ತು ಇತರ ಉರಿಯೂತಗಳು ನೋಟಕ್ಕೆ ಒಂದೇ ರೀತಿ ಕಾಣಬಹುದು. ಆದರೆ ಅವುಗಳ ಚಿಕಿತ್ಸೆ ಬೇರೆ ಬೇರೆ. ತಪ್ಪು ಔಷಧದಿಂದ ರೋಗ ಉಲ್ಬಣಿಸಬಹುದಾದ್ದರಿಂದ ಚೂರಿನ ಪರೀಕ್ಷೆಗೆ ಮಹತ್ವವಿದೆ.

ಪರೀಕ್ಷೆಗೆ ಮೊದಲು ಕರುಳು ಶುಚಿಯಾಗಬೇಕು. ಒಂದೆರಡು ದಿನ ನಾರಿನಂಶ ಕಡಿಮೆಯಿರುವ ಆಹಾರ ಸೇವಿಸಿ, ಅನಂತರ ವೈದ್ಯರು ಹೇಳಿದ ಅವಧಿಯಲ್ಲಿ ಎಳನೀರು, ಸೋಸಿದ ಬೇಳೆಕಟ್ಟು ಮೊದಲಾದ ತಿಳಿ ದ್ರವಗಳನ್ನಷ್ಟೇ ತೆಗೆದುಕೊಂಡು, ಕೊಟ್ಟ ಭೇದಿಯ ಔಷಧವನ್ನು ಪೂರ್ಣವಾಗಿ ಕುಡಿಯಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಮಧುಮೇಹದ ಔಷಧ, ಕಬ್ಬಿಣದ ಮಾತ್ರೆಗಳ ವಿಷಯವನ್ನು ಮುಂಚಿತವಾಗಿ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಮಂಪರಿನ ಔಷಧ ಕೊಡುವುದುಂಟಾದ್ದರಿಂದ ಜೊತೆಗೊಬ್ಬರು ಇರಬೇಕು, ಆ ದಿನ ವಾಹನ ಚಲಾಯಿಸಬಾರದು. ಕರುಳಿಗೆ ತೂತು ಬೀಳುವುದು, ಹೆಚ್ಚು ರಕ್ತಸ್ರಾವವಾಗುವುದು ಮೊದಲಾದ ತೊಂದರೆಗಳು ವಿರಳ.

ಧಾರಾಳ ರಕ್ತಸ್ರಾವ, ತಲೆಸುತ್ತು, ಅಥವಾ ಮಲ ಮತ್ತು ವಾಯು ಎರಡೂ ನಿಂತು ಹೊಟ್ಟೆ ಉಬ್ಬಿ ವಾಂತಿಯಾಗುವುದು ತುರ್ತು ಸ್ಥಿತಿಗಳು. ಆಗ ಪರೀಕ್ಷೆಯ ಸರದಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಂಕೋಚ ಬೇಡ

ಕೋಲ್ಕತ್ತದಲ್ಲಿ 1950ರಲ್ಲಿ ಆರಂಭವಾದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆ ಇಂದು ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಾಗಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆದರೆ ರೋಗಿಯು ಬಾಯಿ ತೆರೆದು ಹೇಳದೆ ಯಾವ ಸಂಸ್ಥೆಯೂ ನೆರವಾಗಲಾರದು. ಮಲದ ಮಾತು ನಾಚಿಕೆಯ ಮಾತೆಂದು ಮುಚ್ಚಿಟ್ಟವರು, ಸುಲಭವಾಗಿ ಗುಣವಾಗಬಹುದಾದ ಕಾಲವನ್ನೇ ಕಳೆದುಕೊಳ್ಳುತ್ತಾರೆ. ಲಕ್ಷಣ ಕಂಡೊಡನೆ ಸಮೀಪದ ವೈದ್ಯರಿಗೆ ತಿಳಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.