ನಗರ ಸೀಮೆಯ ಹಿತ್ತಲು: ಹೊಸಬರ ಮೊದಲ ತರಕಾರಿ, ಮೊದಲ ಡೇರೆ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ಮನೆಯ ಹಿಂದೆ ನಾಲ್ಕು ತರಕಾರಿ ಬೆಳೆಯುವುದು ದೊಡ್ಡ ವಿದ್ಯೆಯೇನಲ್ಲ ಎನ್ನುವವರು ಬಹಳ. ಆದರೂ ಹೊಸದಾಗಿ ಕೈಹಾಕಿದವರ ಮೊದಲ ಬಿತ್ತನೆ ಇಲ್ಲಿ ಕೊಳೆತುಹೋಗುವುದೇ ಹೆಚ್ಚು. ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದೊಡನೆ ಇದ್ದ ಬೀಜವನ್ನೆಲ್ಲ ಮಣ್ಣಿಗೆ ಹಾಕುತ್ತಾರೆ. ಆರಿದ್ರಾ ಮಳೆ ಹಿಡಿದಾಗ ಎಳೆಯ ಸಸಿ ನೀರಿನಲ್ಲಿ ನಿಂತು ಬುಡ ಕರಗುತ್ತದೆ. ಪೇಟೆಯ ಬೀಜವಾದರೆ ಮತ್ತೆ ಕೊಳ್ಳಬಹುದು. ಅಜ್ಜಿಯ ಕಾಲದಿಂದ ಬಂದ ಮನೆಬೀಜದ ಹೀರೆಯೋ ಮಗೆಯೋ ಹೀಗೆ ಹೋದರೆ ಅದನ್ನು ಎಲ್ಲಿಂದ ತರುವುದು? ಆದ್ದರಿಂದ ಮನೆಬೀಜ ಎಷ್ಟೇ ಇರಲಿ, ಅರ್ಧವನ್ನು ಬೂದಿಯಲ್ಲಿ ಉಜ್ಜಿ, ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಟ್ಟೇ ಬಿತ್ತನೆಗೆ ಇಳಿಯಬೇಕು.

ಮೊದಲು ಮಣ್ಣು. 17ನೆಯ ಶತಮಾನದಲ್ಲಿ ಬಿದನೂರಿನಿಂದ, ಎಂದರೆ ಇಂದಿನ ನಗರದಿಂದ, ಆಳಿದ ಕೆಳದಿಯ ಶಿವಪ್ಪ ನಾಯಕ ಕಂದಾಯ ಗೊತ್ತುಮಾಡಲು ನೆಲವನ್ನು ದರ್ಜೆಗಳಾಗಿ ವಿಂಗಡಿಸಿದ. ಅದೇ ‘ಶಿವಪ್ಪ ನಾಯಕನ ಶಿಸ್ತು’. ಎರಡು ಮಡಿ ಮಾಡುವವರಿಗೂ ಅಷ್ಟು ವಿವೇಕ ಬೇಕು. ಇಲ್ಲಿನ ಜಂಬಿಟ್ಟಿಗೆ ಮಣ್ಣಿನಿಂದ ಸುಣ್ಣ, ಮೆಗ್ನೀಷಿಯಂ ಮತ್ತು ಪೊಟ್ಯಾಷ್ ಮಳೆಯಲ್ಲಿ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಗೊಬ್ಬರ ಹಾಕಿದರೂ ಗಿಡ ಸೊರಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅದರಂತೆ ಸುಣ್ಣ ಹಾಕುವುದು ಉತ್ತಮ. ಅದು ಆಗದಿದ್ದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣವನ್ನು ಬಿತ್ತನೆಗೆ ಮೂರು ವಾರ ಮುಂಚೆ ಮಣ್ಣಿಗೆ ಬೆರೆಸಬಹುದು. ಬಚ್ಚಲೊಲೆಯ ಬೂದಿಯೂ ಹುಳಿ ತಗ್ಗಿಸಿ ಪೊಟ್ಯಾಷ್ ಕೊಡುತ್ತದೆ. ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಹಸಿ ಸಗಣಿ, ಗಂಜಲ ಅಥವಾ ಯೂರಿಯಾದೊಡನೆ ಕಲಸಬಾರದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮಡಿ 1 ಮೀಟರ್ ಅಗಲ, 3 ಮೀಟರ್ ಉದ್ದ ಸಾಕು. ಎತ್ತರ ಮಾತ್ರ 30 ಸೆಂ.ಮೀ.ಗೆ ಕಡಿಮೆ ಬೇಡ. ಮಡಿಗಳ ನಡುವಿನ ಕಾಲುವೆಯ ನೀರು ಹಿತ್ತಲಿನಿಂದ ಹೊರಕ್ಕೆ ಹರಿಯಬೇಕು. ಪ್ರತಿ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ. ಮಾಡಿನ ನೀರು ಬೀಳುವ ಜಾಗ ಕೂಡದು.

ಮೊದಲ ಮಳೆಗಾಲದಲ್ಲಿ ಬೆಂಡೆ, ಹೀರೆ, ಬಸಳೆ ಇಷ್ಟಕ್ಕೇ ನಿಲ್ಲಿಸುವುದು ಜಾಣತನ. ಹೀರೆ ಬೀಜವನ್ನು ಮೇ ಎರಡನೆಯ ವಾರದಲ್ಲಿ ಅಡಿಕೆ ಹಾಳೆಯ ಕೊಟ್ಟೆಗಳಲ್ಲಿ ಹಾಕಿ, ಎರಡು ಮೂರು ಎಲೆ ಬಂದ ಮೇಲೆ ಏರುಗುಣಿಗೆ ನೆಟ್ಟರೆ ಭಾರಿ ಮಳೆಗೆ ಮುಂಚೆ ಬಳ್ಳಿ ಚಪ್ಪರ ಹಿಡಿಯುತ್ತದೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ, 2 ಸೆಂ.ಮೀ. ಆಳಕ್ಕೆ ಊರಬೇಕು. ಬಸಳೆಗೆ ಬಲಿತ ದಂಟಿನ ತುಂಡೇ ಸಾಕು.

ಹೊಸಬರು ಹೆಚ್ಚು ಗಾಬರಿಯಾಗುವುದು ಹೀರೆ, ಸೌತೆ, ಕುಂಬಳದ ಹೂ ಉದುರುವಾಗ. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂ. ಅದು ಅರಳಿ ಉದುರುವುದು ಸಹಜ, ಅದಕ್ಕೆ ಔಷಧಿ ಹೊಡೆಯುವುದು ದಂಡ. ಹೆಣ್ಣು ಹೂವಿನ ಕೆಳಗೆ ಎಳೆಯ ಕಾಯಿಯ ಆಕಾರ ಮೊದಲೇ ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಬಿದ್ದರೆ ಮಾತ್ರ ಯೋಚಿಸಬೇಕು. ಬಿಡದೆ ಸುರಿಯುವ ಮಳೆಯಲ್ಲಿ ಜೇನು ಹೊರಡುವುದಿಲ್ಲ, ಪರಾಗವೂ ನೆನೆದು ಕೆಡುತ್ತದೆ. ಆಗ ಕೈಯಿಂದಲೇ ಪರಾಗ ಮುಟ್ಟಿಸಬೇಕು: ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರುವುದು. ವೇಳೆ ತಪ್ಪಿದರೆ ಪ್ರಯೋಜನವಿಲ್ಲ. ಕುಂಬಳ, ಸೌತೆ ಬೆಳಗ್ಗೆ ಅರಳಿದರೆ ಹೀರೆ ಅರಳುವುದು ಸಂಜೆ. ಬೆಳಗ್ಗೆ ಹೀರೆ ಚಪ್ಪರದಡಿ ನಿಂತು ಅರಳಿದ ಹೂ ಹುಡುಕಿ ಬೇಸತ್ತವರು ಅನೇಕರು. ಹಣ್ಣುನೊಣ ಚುಚ್ಚಿ ಬಿದ್ದ ಕಾಯಿಗಳನ್ನು ಚಪ್ಪರದಡಿ ಬಿಡದೆ ಆರಿಸಿ ಆಳವಾಗಿ ಹೂಳಬೇಕು, ಇಲ್ಲವಾದರೆ ಹುಳು ಅಲ್ಲೇ ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ.

ನಿಜ ಹೇಳುವುದಾದರೆ ಕಲಿಯುವವರಿಗೆ ಸುಲಭದ ಕಾಲ ಮಳೆಗಾಲವಲ್ಲ. ಅಕ್ಟೋಬರಿನ ಬಳಿಕ ಮಣ್ಣಿನಲ್ಲಿ ತೇವವಿದ್ದು ಬಿಸಿಲು ಬರುವಾಗ ಹರಿವೆ, ಮೂಲಂಗಿ, ಹುರುಳಿಕಾಯಿ, ಟೊಮೆಟೊ ಹೆಚ್ಚು ಉಪಚಾರವಿಲ್ಲದೆ ಬರುತ್ತವೆ. ಆಗ ಮಡಿಗೆ ದರಗು ಹೊದಿಸಿದರೆ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ದಪ್ಪನೆ ಹೊದಿಸಿದರೆ ಅದರಡಿ ಬಸವನಹುಳು ಸೇರುತ್ತದೆ.

ಹೂವಿನಲ್ಲಿ ಮಲೆನಾಡಿನ ಹೆಂಗಸರಿಗೆ ಡೇರೆಯ ಮೇಲೆ ಇರುವ ಪ್ರೀತಿ ಹೇಳಬೇಕಾದ್ದಿಲ್ಲ. ಮೂಲ ಮೆಕ್ಸಿಕೊದ ಎತ್ತರದ ನಾಡಾದರೂ ಇಲ್ಲಿನ ತಂಪಿಗೆ ಒಗ್ಗಿದೆ. ನಿಂತ ನೀರಿಗೆ ಮಾತ್ರ ಒಗ್ಗಿಲ್ಲ. ಗೆಡ್ಡೆ ದಪ್ಪಗಿದ್ದರೆ ಸಾಲದು. ಮೊಳಕೆಯ ಕಣ್ಣು ಇರುವುದು ಹಳೆಯ ಕಾಂಡ ಸೇರುವ ಕುತ್ತಿಗೆಯಲ್ಲಿ; ಕುತ್ತಿಗೆಯಿಲ್ಲದ ಗೆಡ್ಡೆ ನೆಟ್ಟರೆ ಬೇರು ಬಿಡಬಹುದು, ಗಿಡ ಬರುವುದಿಲ್ಲ. ಗೆಡ್ಡೆ ಹಂಚಿಕೊಳ್ಳುವಾಗ ಇದನ್ನು ನೋಡಿಯೇ ಕೊಯ್ಯಬೇಕು. ಆಧಾರದ ಕೋಲನ್ನು ನೆಡುವಾಗಲೇ ಊರಬೇಕು. ಆಮೇಲೆ ಊರಿದರೆ ಗೆಡ್ಡೆಗೆ ಚುಚ್ಚುತ್ತದೆ. ಮೂರು ನಾಲ್ಕು ಜೊತೆ ಎಲೆಯಾದಾಗ ಕುಡಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ.

ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿ ಬೇಸಿಗೆ ಕಳೆಯಿಸಬೇಕು. ಬಣ್ಣದ ಚೀಟಿಯನ್ನು ಹೂ ಇರುವಾಗಲೇ ಕಾಂಡದ ಬುಡಕ್ಕೆ ಕಟ್ಟಿಡಬೇಕು. ಕಿತ್ತ ಮೇಲೆ ಕೆಂಪು ಡೇರೆಯ ಗೆಡ್ಡೆ ಯಾವುದು, ಬಿಳಿಯದು ಯಾವುದು ಎಂದು ನೋಡಿ ಹೇಳಲಾಗುವುದಿಲ್ಲ.