ಪರದೇಶದ ಸೆರೆಯಲ್ಲಿ ನಮ್ಮವರು: ಸರಕಾರ ಏನು ಮಾಡಬಲ್ಲದು?



ಮಗನೋ ತಮ್ಮನೋ ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಈಗ ಅಪರೂಪವಲ್ಲ. ಅಂಥವನನ್ನು ಅಲ್ಲಿಯ ಪೋಲೀಸರು ಹಿಡಿದರೆಂದು ಸುದ್ದಿ ಬಂದರೆ ನೀವೇನು ಮಾಡುವಿರಿ? ಹೊಲ ಅಡವಿಟ್ಟು ದಲ್ಲಾಳಿಗೆ ಹಣ ಕೊಡುವವರೂ ಉಂಟು. ಅದಕ್ಕೆ ಮೊದಲು ಇದನ್ನು ಓದಿರಿ.

1963ರಲ್ಲಿ ವಿಯೆನ್ನಾ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಅದರ 36ನೆಯ ವಿಧಿಯಂತೆ, ಪರದೇಶದವನನ್ನು ಹಿಡಿದಾಗ ಅವನು ಕೇಳಿಕೊಂಡರೆ ಅವನ ದೇಶದ ರಾಯಭಾರ ಕಚೇರಿಗೆ ತಡಮಾಡದೆ ತಿಳಿಸಬೇಕು. ಹೀಗೆ ಕೇಳುವ ಹಕ್ಕು ಉಂಟೆಂಬುದನ್ನು ಹಿಡಿದವರೇ ಅವನಿಗೆ ಹೇಳಬೇಕು. ಕಚೇರಿಯ ಅಧಿಕಾರಿ ಸೆರೆಮನೆಗೆ ಹೋಗಿ ಮಾತನಾಡಿಸಬಹುದು, ವಕೀಲರನ್ನು ಗೊತ್ತುಮಾಡಬಹುದು. ಬಾಗಿಲು ತೆಗೆಸಿ ಕರೆತರುವ ಅಧಿಕಾರ ಮಾತ್ರ ಅವರಿಗಿಲ್ಲ. ಆ ನೆಲದಲ್ಲಿ ನಡೆಯುವುದು ಆ ನೆಲದ ಕಾಯಿದೆ.

ಕತಾರ್ ದೇಶದ ಸಂಗತಿ ನೋಡಿರಿ. ಅಲ್ಲಿ ಖಾಸಗಿ ಕಂಪನಿಯೊಂದರಲ್ಲಿದ್ದ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರನ್ನು 2022ರ ಆಗಸ್ಟಿನಲ್ಲಿ ಹಿಡಿದರು. 2023ರ ಅಕ್ಟೋಬರ್ 26ರಂದು ಮರಣದಂಡನೆಯ ತೀರ್ಪಾಯಿತು. ಮನೆಯವರ ಗತಿ ಏನಾಗಿರಬೇಡ! ಅಪೀಲು ಹೋಯಿತು. ಡಿಸೆಂಬರಿನ ಮೊದಲಲ್ಲಿ ಪ್ರಧಾನಮಂತ್ರಿಗಳು ದುಬೈಯಲ್ಲಿ ಕತಾರಿನ ಅರಸರನ್ನು ಕಂಡರು. 3ರಂದು ನಮ್ಮ ರಾಯಭಾರಿ ಸೆರೆಯಲ್ಲಿ ಎಂಟು ಮಂದಿಯನ್ನೂ ಭೇಟಿಯಾದರು. ಡಿಸೆಂಬರ್ 28ರಂದು ಮೇಲಿನ ಕೋರ್ಟು ಮರಣದಂಡನೆಯನ್ನು ಜೈಲುಶಿಕ್ಷೆಗೆ ಇಳಿಸಿತು. ಆ ಮೇಲೆ ಅರಸರ ನಿರ್ಣಯದಿಂದ ಬಿಡುಗಡೆಯಾಗಿ, 2024ರ ಫೆಬ್ರುವರಿ 12ರಂದು ಏಳು ಮಂದಿ ಊರಿಗೆ ಮರಳಿದರು. ಎಂಟನೆಯವರಿಗೆ ಆಗ ಬರಲಾಗಲಿಲ್ಲ. ಸರಕಾರವೇ ಟೊಂಕ ಕಟ್ಟಿ ನಿಂತರೂ ಹದಿನೆಂಟು ತಿಂಗಳು ಹಿಡಿಯಿತು. ನಾಲ್ಕು ದಿನದಲ್ಲಿ ಬಿಡಿಸುತ್ತೇನೆಂಬ ದಲ್ಲಾಳಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ನೀವೇ ಎಣಿಸಿರಿ.

ಕೂಲಿಗೆ ಹೋದವನಿಗೂ ಈ ದಾರಿ ತೆರೆದಿದೆ. ವಿದೇಶಾಂಗ ಇಲಾಖೆ 2015ರಲ್ಲಿ 'ಮದದ್' ಎಂಬ ದೂರು ವ್ಯವಸ್ಥೆ ಆರಂಭಿಸಿತು. ಮನೆಯವರು ಇಂಟರ್‌ನೆಟ್ಟಿನಲ್ಲಿ ಅಲ್ಲಿ ದೂರು ದಾಖಲಿಸಬಹುದು. ಕಷ್ಟಕ್ಕೆ ಸಿಲುಕಿದ ಬಡವರ ವಕೀಲರ ಖರ್ಚಿಗೆ, ಹಿಂದಿರುಗುವ ಟಿಕೇಟಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ನಿಧಿಯೂ ಉಂಟು. ಆದರೆ ಹಿಡಿದದ್ದು ಯಾರನ್ನು, ಯಾವ ಊರಲ್ಲಿ ಎಂದು ಕಚೇರಿಗೆ ಗೊತ್ತಾಗಬೇಕಷ್ಟೆ. ಆದುದರಿಂದ ಹುಡುಗ ಹೊರಡುವ ಮುಂಚೆಯೇ ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು ಇವುಗಳ ನಕಲು ತೆಗೆಸಿ, ಧಣಿಯ ಹೆಸರು ವಿಳಾಸ ಬರೆದು, ಪಹಣಿ ಪತ್ರಗಳ ಜೊತೆಯಲ್ಲೇ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಅವನ ಜೇಬಿನಲ್ಲಿ ರಾಯಭಾರ ಕಚೇರಿಯ ಫೋನ್ ನಂಬರೂ ಇರಲಿ.