ಹೆಬ್ಬೆಟ್ಟಿನ ಕಳವು

ಕಳ್ಳನೆಂದೊಡನೆ ಗೋಡೆಗೆ ಕನ್ನ ಕೊರೆಯುವವನೇ ನಮ್ಮ ಕಣ್ಣಮುಂದೆ ಬರುತ್ತಾನೆ. ಗಣಕಯಂತ್ರದ ಕಳ್ಳನಾದರೋ ಮನೆಯ ಬಳಿಗೇ ಸುಳಿಯುವುದಿಲ್ಲ. ಅವನ ಚಿಂತೆ ಬೆಂಗಳೂರಿನ ದೊಡ್ಡ ಕಂಪನಿಗಳಿಗಿರಲಿ, ತ್ಯಾಮಗೊಂಡ್ಲುವಿನ ನಮಗೇಕೆ ಎಂದು ನಾನೂ ಎಣಿಸಿದ್ದೆ. ಆ ಎಣಿಕೆ ತಪ್ಪೆಂದು 2023ರಲ್ಲಿ ತಿಳಿಯಿತು.

ನಮ್ಮ ತಂದೆಯವರಿಗೆ ಓದುಬರಹವಿಲ್ಲ. ಹೆಬ್ಬೆಟ್ಟೇ ಅವರ ರುಜು. ಆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪಂಡಿತನಾದರೂ ಬೆರಳು ಕೊಡಲೇಬೇಕಷ್ಟೆ. ಹೀಗೆ ನೋಂದಣಿಯಾದ ಪತ್ರಗಳ ಪ್ರತಿಗಳು ಸರ್ಕಾರದ 'ಕಾವೇರಿ' ಜಾಲತಾಣದಲ್ಲಿ ದೊರೆಯುತ್ತಿದ್ದವು. ಅವುಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಇರುತ್ತಿದ್ದವು. ವಂಚಕರು ಆ ಅಚ್ಚಿನಿಂದ ಸಿಲಿಕೋನಿನ ಕೃತಕ ಬೆರಳು ಮಾಡಿಕೊಂಡು, ಆಧಾರ್ ಮೂಲಕ ನಡೆಯುವ ಪಾವತಿಯಲ್ಲಿ ಹಣ ತೆಗೆದರೆಂಬ ದೂರುಗಳು ಬೆಂಗಳೂರಿನಲ್ಲಿ ಸಾಲುಸಾಲಾಗಿ ಬಂದವು. ಈ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟೇ ಸಾಕು, ಓ.ಟಿ.ಪಿ. ಬೇಕಿಲ್ಲ. ಹಳ್ಳಿಯ ಮುದುಕಿಯೂ ಊರಿನಲ್ಲೇ ಹಣ ಪಡೆಯಲೆಂದು ಮಾಡಿದ ಸೌಕರ್ಯವದು; ಅದನ್ನು ಹಳಿಯುವಂತಿಲ್ಲ. ತೊಡಕಿರುವುದು ಬೇರೆಡೆ. ಗುಪ್ತಪದ ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೆರಳನ್ನು ಬದಲಿಸುವುದು ಹೇಗೆ?

ಆದುದರಿಂದ ಸಂಸ್ಥೆಗಳ ರಕ್ಷಣೆಯೆಂದರೆ ದೊಡ್ಡ ಬೀಗ ಹಾಕುವುದಷ್ಟೇ ಅಲ್ಲ, ತೋರಿಸಬೇಕಾಗಿಲ್ಲದ್ದನ್ನು ತೋರಿಸದಿರುವುದೂ ಹೌದು ಎಂದು ನನಗೆ ತೋರುತ್ತದೆ. ಪತ್ರಗಳಲ್ಲಿನ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡಲು ಸರ್ಕಾರ ಆ ವರ್ಷವೇ ಕ್ರಮ ಕೈಗೊಂಡಿತು. ಒತ್ತಿದ್ದು ಜೀವಂತ ಬೆರಳೋ ಅಲ್ಲವೋ ಎಂದು ಪರೀಕ್ಷಿಸುವ ಏರ್ಪಾಡನ್ನು ಆಧಾರ್ ಪ್ರಾಧಿಕಾರವೂ 2023ರಲ್ಲಿ ಜಾರಿಗೆ ತಂದಿತು.

ಕಾವೇರಿಗೆ ಬಂದ ಇನ್ನೊಂದು ಕಾಟದ ಬಗೆಯೇ ಬೇರೆ. 2025ರ ಜನವರಿಯಲ್ಲಿ ಯಾರೋ ಸುಳ್ಳು ಖಾತೆಗಳನ್ನು ತೆರೆದು, ಋಣಭಾರ ಪತ್ರದ ಹುಡುಕಾಟಕ್ಕೆಂದು ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳನ್ನು ಸುರಿದರು. ಕೊಳ್ಳುವ ಉದ್ದೇಶವಿಲ್ಲದವರು ಸಂತೆಯ ಬಾಗಿಲಿಗೆ ಅಡ್ಡನಿಂತಂತೆ! ರಾಜ್ಯದ ನೋಂದಣಿ ಕಾರ್ಯವೇ ಕುಂಟಿತು. ಮದುವೆಗೋ ಸಾಲಕ್ಕೋ ಜಮೀನು ಮಾರಹೊರಟವನಿಗೆ ಅದೂ ನಷ್ಟವೇ ತಾನೆ? ಇಂಥದಕ್ಕೆ ಒಂದೇ ಕಡೆಯಿಂದ ಬರುವ ಕೋರಿಕೆಗಳಿಗೆ ಮಿತಿ ಹಾಕುವುದು, ಕೇಳುವವನು ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸುವುದು, ಬಂದುಹೋದವರ ದಾಖಲೆಯನ್ನು ನಿತ್ಯ ನೋಡುವುದು ಇವೇ ಉಪಾಯಗಳು.

ಮನೆಯಲ್ಲಿ ಮಾಡಬಹುದಾದದ್ದೂ ಒಂದುಂಟು. ಆಧಾರ್ ಆ್ಯಪ್‌ನಲ್ಲಿ ಬೆರಳಿಗೆ ಬೀಗ ಹಾಕಿಡಬಹುದು. ಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ತಂದೆಯವರ ಬೆರಳಿಗೆ ಹಾಗೆ ಬೀಗ ಹಾಕಿದವನು ನಾನೇ. ಆ ತಿಂಗಳು ಅವರು ಪಡಿತರಕ್ಕೆ ಹೋದಾಗ ಫೋನು ನನ್ನ ಬಳಿಯಿತ್ತು, ನಾನು ತರಗತಿಯಲ್ಲಿದ್ದೆ. "ನನ್ನ ಬೆರಳಿಗೆ ನಿನ್ನ ಅಪ್ಪಣೆ ಬೇಕಾಯ್ತೇನಪ್ಪ?" ಎಂದು ಸಂಜೆ ಕೇಳಿದರು. ಈಗ ಪಡಿತರದ ದಿನ ಫೋನು ಮನೆಯಲ್ಲೇ ಇರುತ್ತದೆ. ಏಳನೆಯ ತರಗತಿಯ ತಂಗಿ ಬೀಗ ತೆರೆದುಕೊಡುತ್ತಾಳೆ.